ಬಚ್ಚಲ ಒಲೆಯ ಬೂದಿಯಿಂದ ಅಡಿಕೆ ಹಾಳೆಗೆ: ಪುಟ್ಟಿಯ ಮೂರು ಮರಿಗಳ ದಿನಚರಿ

ಜೂನ್ 25. ಮರಿಗಳಿಗೆ 22 ದಿನ

ನಮ್ಮ ಬೆಕ್ಕು ಪುಟ್ಟಿ ಈ ಸಲ ಅಟ್ಟದ ಮೇಲೆ, ಹಳೆ ಅಡಿಕೆ ಬುಟ್ಟಿಯಲ್ಲಿ ಮರಿ ಹಾಕಿದ್ದಳು. ಮಾಡು ಸೋರಿದ ರಾತ್ರಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಕೆಳಗೆ ತಂದಳು. ಮೊದಲು ಅಕ್ಕಿ ಡಬ್ಬಿಗಳ ಹಿಂದೆ ಇಟ್ಟಳು. ಅಲ್ಲಿ ಎರಡು ದಿನ ಇದ್ದು ಈಗ ಬಚ್ಚಲುಮನೆಯ ಸೌದೆ ರಾಶಿಯ ಪಕ್ಕ ಬಂದಿದ್ದಾಳೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅಂತಾರಲ್ಲ, ಇವಳದ್ದು ಮೂರಕ್ಕೆ ನಿಂತಿದೆ. ಶಿರಸಿಯ ಮಳೆಗಾಲದಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗ ಅಂದರೆ ಬಚ್ಚಲ ಒಲೆಯ ಬುಡವೇ. ಅವಳ ಆಯ್ಕೆ ಸರಿಯಾಗಿಯೇ ಇದೆ.

ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕೆಂಚ 345 ಗ್ರಾಂ, ಬೂದ 320, ಚುಕ್ಕಿ 265. ಮುಂದಿನ ಪುಟ್ಟ ಹಲ್ಲುಗಳು ಬೆರಳಿಗೆ ಚುಚ್ಚುತ್ತಿವೆ. ಇಷ್ಟು ದಿನ ಮರಿಗಳ ಉಚ್ಚೆ, ಕಕ್ಕ ಎಲ್ಲ ಪುಟ್ಟಿಯೇ ನೆಕ್ಕಿ ಮಾಡಿಸಿ, ಅವಳೇ ಚೊಕ್ಕ ಮಾಡುತ್ತಿದ್ದಳು. ಮೂರು ವಾರದವರೆಗೆ ಮರಿಗಳಿಗೆ ತಾವಾಗಿ ಮಾಡಲು ಬರುವುದಿಲ್ಲ. ಇನ್ನು ಮೇಲೆ ಆ ಕೆಲಸ ನಮ್ಮ ಪಾಲಿಗೆ.

ಜೂನ್ 29. 26 ದಿನ

ಬೆಳಿಗ್ಗೆ ಒಲೆ ಹಚ್ಚಲು ಹೋದ ಆಯಿ ಕರೆದಳು. ಬೂದ ಒಲೆಯ ಬಾಯಿಯಲ್ಲಿ ಕೂತು ಬೂದಿ ಕೆದರುತ್ತಿತ್ತು. ಕೆದರಿತು, ತಿರುಗಿ ಕೂತಿತು, ಉಚ್ಚೆ ಮಾಡಿತು, ಮತ್ತೆ ಮುಚ್ಚಿತು. ಯಾರೂ ಕಲಿಸಿರಲಿಲ್ಲ. "ಬೆಕ್ಕಿಗೆ ಬೂದಿ ಅಂದ್ರೆ ಅಷ್ಟೇ ತಮಾ" ಅಂದಳು ಆಯಿ.

ನೋಡಲು ಚಂದವೇ, ಆದರೆ ನನಗೆ ಎದೆ ಧಸಕ್ ಅಂತು. ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆ ಆರುವುದೇ ಇಲ್ಲ. ಮೇಲೆ ತಣ್ಣಗಿನ ಬೂದಿ, ಒಂದು ಗೇಣು ಒಳಗೆ ಕೆಂಡ. ಒದ್ದೆ ಬೂದಿ ಬೇರೆ ಕ್ಷಾರದ ವಸ್ತು, ಕಾಲಿಗೆ ಅಂಟಿದ್ದನ್ನು ನೆಕ್ಕಿದರೆ ಬಾಯಿ ಸುಡುತ್ತದೆ. ಅವತ್ತೇ ಒಲೆಯ ಬಾಯಿಗೆ ಹಲಗೆ ಅಡ್ಡ ಇಟ್ಟೆ.

ಒಂದು ದಾರಿ ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು, ಅಲ್ವಾ? ಸಂಜೆಯೊಳಗೆ ಮೂಲೆಯ ಒದ್ದೆ ಗೋಣಿಚೀಲದ ಮೇಲೆ ಎರಡು ಕಡೆ ಕಕ್ಕ.

ಜುಲೈ 2. 29 ದಿನ

ಬೆಕ್ಕಿನ ಕಕ್ಕಕ್ಕೆಂದು ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ರೇಯ ಅಂಚು ಎತ್ತರ. ಈ ಪ್ರಾಯದ ಮರಿ ಹತ್ತಲಾರದು. ಎರಡು ಇಂಚಿನ ಅಂಚು ಸಾಕು. ತೋಟದಿಂದ ತಂದು ಒಣಗಿಸಿಟ್ಟ ಅಡಿಕೆ ಹಾಳೆ ಮನೆಯಲ್ಲಿ ಬೇಕಾದಷ್ಟಿತ್ತು. ನೀರಲ್ಲಿ ನೆನೆಸಿ, ನಾಲ್ಕೂ ಬದಿ ಮಡಚಿ, ಮೂಲೆಗೆ ಕಡ್ಡಿ ಚುಚ್ಚಿದೆ. ಹಗುರ, ಅಂಚು ತಗ್ಗು, ಹಾಳಾದರೆ ಬೇರೆ ಮಾಡಿದರಾಯಿತು.

ಒಳಗೆ ಏನು ಹಾಕುವುದು ಎಂಬುದಕ್ಕೇ ಮೂರು ದಿನ ಹೋಯಿತು. ಮೊದಲು ಕೊಟ್ಟಿಗೆಗೆ ತಂದ ದರಕು, ಅಂದರೆ ಒಣ ಎಲೆ ಹಾಕಿದೆ. ಸರಸರ ಸದ್ದಿಗೆ ಮೂರೂ ಅದರಲ್ಲಿ ಬಿದ್ದು ಹೊರಳಾಡಿದವು, ಒಂದೂ ಕೂರಲಿಲ್ಲ. ಆಟಕ್ಕೆ ಸರಿ, ಕೆದರಲು ಬರುವುದಿಲ್ಲ. ಆಮೇಲೆ ಹರಿದ ಪೇಪರ್ ಹಾಕಿದೆ. ಚುಕ್ಕಿ ಮಾತ್ರ ಒಪ್ಪಿತು. ಅಂಗಳದ ಮಣ್ಣು ಈಗ ಕೆಸರು. ಬೆಕ್ಕಿನ ಟ್ರೇಗೆಂದು ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿಯಾಗಿ ಉಂಡೆ ಕಟ್ಟುವ ಮಣ್ಣಿನ ಲಿಟರ್ ಬೇಕೆಂದೇ ತರಲಿಲ್ಲ. ಈ ಪ್ರಾಯದ ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ನೋಡುತ್ತವೆ. ಅದು ಹೊಟ್ಟೆಯಲ್ಲೂ ಉಂಡೆ ಕಟ್ಟಿದರೆ ಕಷ್ಟ.

ಕೊನೆಗೆ ಸಾಮಿಲ್‌ನಿಂದ ಒಂದು ಚೀಲ ಮರದ ಹುಡಿ ತಂದೆ. ಜರಡಿ ಹಿಡಿದು ಧೂಳು ತೆಗೆದೆ. ಬೂದ ಕಾಲಿಟ್ಟಿತು, ಒಂದು ಕ್ಷಣ ನಿಂತಿತು, ಕೆದರಿತು! ಅವತ್ತು ನನಗೆ ಗೊತ್ತಾದದ್ದು ಇಷ್ಟು: ಮರಿ ಜಾಗ ಹುಡುಕುವುದು ಕಣ್ಣಿನಿಂದ ಅಲ್ಲ, ಕಾಲಿನಿಂದ. ಕಾಲ ಕೆಳಗೆ ಸಡಿಲವಾಗಿ, ಒಣಗಿ, ಕೆದರಿದರೆ ಸರಿಯುವಂಥದ್ದು ಏನಿದೆಯೋ ಅದೇ ಅವಕ್ಕೆ ಪಾಯಖಾನೆ. ಬೂದಿ ಹಿಡಿಸಿದ್ದೂ ಅದಕ್ಕೇ. ನಾವು ಬೂದಿಯಂಥದ್ದೇ ಇನ್ನೊಂದು ಕೊಟ್ಟರೆ ಸಾಕು, ಕಲಿಸುವುದು ಜಾಸ್ತಿ ಏನೂ ಇಲ್ಲ.

ಒಲೆಯ ಪಕ್ಕ ಒಂದು ಹಾಳೆ, ಗೋಣಿಚೀಲ ಇದ್ದ ಮೂಲೆಯಲ್ಲಿ ಇನ್ನೊಂದು. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಕೂಡಲೇ ಎತ್ತಿ ಹುಡಿಯಲ್ಲಿ ಇಡುತ್ತೇನೆ. ಕಾಲು ಹಿಡಿದು ಕೆದರಿಸುವುದಿಲ್ಲ. ಒಮ್ಮೆ ಹಾಗೆ ಮಾಡಿದ್ದಕ್ಕೆ ಕೆಂಚ ಹೆದರಿ ಓಡಿತು.

ಜುಲೈ 5. 32 ದಿನ

ಇವತ್ತಿನದು ಬೇಜಾರಿನ ಸುದ್ದಿ. ಪುಟ್ಟಿ ಮರಿಗಳಿಂದ ದೂರ ಕೂರಲು ಶುರು ಮಾಡಿದ್ದಾಳೆ, ಊಟ ಕಲಿಸುವ ಹೊತ್ತು ಬಂದಿದೆ. ಮೊನ್ನೆ ಆಯಿ ಆಕಳ ಹಾಲಿಗೆ ಅನ್ನ ಕಿವುಚಿ ಇಟ್ಟಳು. ನಾನೂ ಬೇಡ ಅನ್ನಲಿಲ್ಲ. ಮೂರೂ ಆಸೆಯಿಂದ ಕುಡಿದವು. ನಿನ್ನೆ ಬೆಳಿಗ್ಗೆಯಿಂದ ಚುಕ್ಕಿಗೆ ನೀರು ನೀರಾಗಿ ಭೇದಿ. ಇವತ್ತು ತೂಕ 330ರಿಂದ 305ಕ್ಕೆ ಇಳಿದಿತ್ತು. ಈ ಪ್ರಾಯದಲ್ಲಿ ದಿನಕ್ಕೆ ಸುಮಾರು 10 ಗ್ರಾಂ ಏರಬೇಕು. ವಸಡು ಮುಟ್ಟಿದರೆ ಅಂಟಂಟು. ಮಳೆಯಲ್ಲೇ ಶಿರಸಿಗೆ ಒಯ್ದೆ. ಪಶುವೈದ್ಯರು ಚರ್ಮದಡಿ ಸಲೈನ್ ಕೊಟ್ಟರು. ತೂಕ ನೋಡಿ ಜಂತುಹುಳದ ಔಷಧವನ್ನೂ ಕೊಟ್ಟರು. ಎರಡು ವಾರಕ್ಕೊಮ್ಮೆ ಕೊಡಬೇಕಂತೆ, ಮೂರೂ ಮರಿಗೆ, ತಾಯಿಗೂ.

ಆಕಳ ಹಾಲಿನ ಲ್ಯಾಕ್ಟೋಸ್ ಎಷ್ಟೋ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ಬೆಕ್ಕಿನ ಹಾಲಿನಲ್ಲಿ ಪ್ರೊಟೀನ್ ಆಕಳ ಹಾಲಿನ ಸುಮಾರು ಎರಡು ಪಟ್ಟು. ಅನ್ನದಿಂದ ಅದು ತುಂಬುವುದಿಲ್ಲ. ಆಯಿಗೆ ಹೇಳಿದೆ. "ನಮ್ಮನೆ ಬೆಕ್ಕೆಲ್ಲಾ ಹಾಲನ್ನ ತಿಂದೇ ದೊಡ್ಡ ಆದದ್ದು" ಅಂದಳು. ಹೌದು, ಆದರೆ ಅವು ಅಡಿಕೆ ಅಟ್ಟದ ಇಲಿಯನ್ನೂ ತಿನ್ನುತ್ತಿದ್ದವು. ನಾವು ನೋಡಿದ್ದು ತಟ್ಟೆಯ ಹಾಲನ್ನ ಮಾತ್ರ. ಆಯಿ ಸ್ವಲ್ಪ ಹೊತ್ತು ಯೋಚಿಸಿ, "ಅದೂ ಹೌದು" ಅಂದಳು.

ಜುಲೈ 8. 35 ದಿನ

ಚುಕ್ಕಿ ಎದ್ದು ಓಡಾಡುತ್ತಿದೆ. 340 ಗ್ರಾಂ!

ನಮ್ಮದು ಮೀನು, ಮೊಟ್ಟೆ ತಾರದ ಮನೆ. ಆದರೆ ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಸೊಪ್ಪು, ಬೇಳೆಯಲ್ಲಿ ಅದು ಇಲ್ಲ. ಅದಕ್ಕೇ ಮರಿಗಳಿಗೆಂದೇ ಮಾಡಿದ ಒಣ ಆಹಾರ ತಂದೆವು. ಬಚ್ಚಲ ಹೊರಗಿನ ಕಟ್ಟೆಯಲ್ಲಿ ಅದರ ಪಾತ್ರೆ, ಚಮಚ ಎಲ್ಲ ಬೇರೆ. ಕುಮಟಾದಲ್ಲಿರುವ ಗೆಳೆಯನ ಮನೆಯಲ್ಲಿ ಮೀನು ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪು ಖಾರ ಇಲ್ಲದೆ ಕೊಡುತ್ತಾರೆ. ಬರೀ ಮೀನೇ ಊಟವಾದರೂ ಸಾಲದು ಎಂದು ಅವನೂ ಒಣ ಆಹಾರ ಬೆರೆಸುತ್ತಾನೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಯಾವ ಮನೆಯ ಬೆಕ್ಕಿಗೂ ಬೇಡ. ಅದು ರಕ್ತಕ್ಕೇ ವಿಷ.

ನಾನು ಮಾಡುವ ಹದ ಹೀಗೆ. ಒಂದು ಪಾಲು ಆಹಾರಕ್ಕೆ ಮೂರು ಪಾಲು ಉಗುರುಬೆಚ್ಚಗಿನ ನೀರು, ಅರ್ಧ ಗಂಟೆ ನೆನೆಸಿ ತೆಳು ಗಂಜಿಯ ಹಾಗೆ ಕಿವುಚುವುದು. ಮೊದಲು ಬೆರಳಿಗೆ ಹಚ್ಚಿ ನೆಕ್ಕಿಸಿ, ಬೆರಳನ್ನು ಮೆಲ್ಲಗೆ ತಟ್ಟೆಗೆ ಇಳಿಸುವುದು. ಮೂತಿ ಹಿಡಿದು ಅದ್ದಬಾರದು, ಮೂಗಿಗೆ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಇರುವೆ ಮುತ್ತದಂತೆ ತಟ್ಟೆಯನ್ನು ನೀರಿರುವ ಪರಾತದೊಳಗೆ ಇಡುತ್ತೇನೆ. ಕೆಂಚ ತಿನ್ನುವುದಕ್ಕಿಂತ ಅದರೊಳಗೆ ನಡೆದಾಡುವುದೇ ಜಾಸ್ತಿ. ಪುಟ್ಟಿ ಬಂದು ಅವನ ಕಾಲು ನೆಕ್ಕುತ್ತಾಳೆ.

ಜುಲೈ 12. 39 ದಿನ

ಪುಟ್ಟಿ ಅರೆಜೀವದ ಇಲಿ ತಂದು ಮರಿಗಳ ಮುಂದೆ ಇಟ್ಟಳು. ಗಂಟಲಲ್ಲಿ ಒಂದು ಬೇರೆಯೇ ದನಿ ತೆಗೆದು ಕರೆದಳು. ಬೂದ ಗುರ್ ಅಂತು, ಆ ಪುಟ್ಟ ಮೈಯಿಂದ ಅಂಥ ದನಿ! ಅವಳ ಪಾಠ ಅವಳಿಗೆ ಬಿಟ್ಟದ್ದು. ನಾವು ಯಾರೂ ಹತ್ತಿರ ಹೋಗಲಿಲ್ಲ.

ಜುಲೈ 16. 43 ದಿನ

ಅಡಿಕೆಯ ಕೊಳೆ ರೋಗಕ್ಕೆ ಔಷಧ ಹೊಡೆಯುವ ಎರಡನೇ ಸುತ್ತಿಗೆ ಸುಣ್ಣ, ಮೈಲುತುತ್ತ ತಂದು ಹಿಂದಿನ ಜಗಲಿಯಲ್ಲಿ ಇಟ್ಟಿದ್ದೆ. ಸುಣ್ಣದ ಚೀಲ ಹರಿದು ಪುಡಿ ಚೆಲ್ಲಿತ್ತು. ಮಧ್ಯಾಹ್ನ ನೋಡಿದರೆ ಬಿಳಿ ಪುಡಿಯ ಮೇಲೆ ಪುಟ್ಟ ಹೆಜ್ಜೆಗಳು, ತುದಿಯಲ್ಲಿ ಚುಕ್ಕಿ ಕೆದರುತ್ತಿದೆ. ಸಡಿಲ, ಒಣ, ನುಣುಪು. ಅವಳ ಕಾಲು ಸರಿಯಾಗಿಯೇ ಹುಡುಕಿತ್ತು, ಇಟ್ಟವನದು ತಪ್ಪು. ಒಣ ಬಟ್ಟೆಯಲ್ಲಿ ಪುಡಿ ಕೊಡವಿ, ಆಮೇಲೆ ಹದ ಬಿಸಿ ನೀರನ್ನು ತುಂಬಾ ಹೊತ್ತು ಹರಿಸಿ ತೊಳೆದು, ಒಲೆ ಮುಂದೆ ಒರೆಸಿದೆ. ನೆಕ್ಕುವ ಮೊದಲೇ ಕಂಡಿದ್ದು ಪುಣ್ಯ. ಚೀಲಗಳೆಲ್ಲ ಈಗ ಬಾಗಿಲು ಹಾಕುವ ಕೋಣೆಯಲ್ಲಿವೆ.

ಅದೇ ದಿನ ಫಿನಾಯಿಲ್ ಬಾಟಲಿಯನ್ನೂ ಎತ್ತಿಟ್ಟೆ. ಅದರಲ್ಲಿರುವ ಫಿನಾಲ್ ಬೆಕ್ಕಿನ ಪಿತ್ತಜನಕಾಂಗಕ್ಕೆ ಕರಗಿಸಲು ಆಗುವುದಿಲ್ಲ. ಒರೆಸಿದ ನೆಲದಲ್ಲಿ ನಡೆದು ಕಾಲು ನೆಕ್ಕಿದರೂ ಅಪಾಯ. ತಪ್ಪಿ ಉಚ್ಚೆ ಮಾಡಿದ ಜಾಗಕ್ಕೆ ಸೋಪಿನ ನೀರು, ಆಮೇಲೆ ವಿನೆಗರ್ ಬೆರೆಸಿದ ನೀರು. ವಾಸನೆ ಉಳಿದರೆ ಮರುದಿನ ಅಲ್ಲಿಗೇ ಹೋಗುತ್ತವೆ.

ಜುಲೈ 22. 49 ದಿನ

ಹಾಳೆಯನ್ನು ದಿನಕ್ಕೆ ಒಂದು ಮೊಳ ಸರಿಸುತ್ತಾ ಬಚ್ಚಲಿಂದ ಹಿಂದಿನ ಜಗಲಿಗೆ ತಂದಾಯಿತು. ಒಂದು ದಿನ ಅವಸರ ಮಾಡಿ ನಾಲ್ಕು ಮೊಳ ಸರಿಸಿದ್ದಕ್ಕೆ ಕೆಂಚ ಹಳೆಯ ಜಾಗದಲ್ಲೇ ಮಾಡಿದ. ಈಗ ಹಾಳೆ ನಾಲ್ಕು, ಮರಿ ಮೂರು. ಮರಿಗೊಂದು, ಮೇಲೊಂದು ಎಂಬ ಲೆಕ್ಕ.

ತಂಗಿ ಬಸುರಿ, ಮನೆಗೆ ಬಂದಿದ್ದಾಳೆ. ಅವಳು ಈ ಕೆಲಸ ಮುಟ್ಟುವುದು ಬೇಡ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮ ರೋಗಾಣು ಇದ್ದರೆ ಹೊಟ್ಟೆಯ ಮಗುವಿಗೆ ತೊಂದರೆ. ಅದು ಹೊರಬಿದ್ದ ಮೇಲೆ ಹರಡುವ ಸ್ಥಿತಿಗೆ ಬರಲು ಕಡಿಮೆಯೆಂದರೂ ಒಂದು ದಿನ ಬೇಕು. ಅದಕ್ಕೇ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನಾನೇ ತೆಗೆದು, ತರಕಾರಿ ಪಾತಿಯಿಂದ ದೂರ ಹೊಂಡದಲ್ಲಿ ಹೂಳುತ್ತೇನೆ.

ಗಂಜಿ ಈಗ ಚಟ್ನಿ ಹದಕ್ಕೆ ಬಂದಿದೆ. ಕೆಂಚ ಒಣ ಕಾಳನ್ನೇ ಕುಟುಕುಟು ಕಡಿಯುತ್ತಾನೆ. ಹಾಲಿಗೆ ಹೋದರೆ ಪುಟ್ಟಿ ಒಂದು ಏಟು ಕೊಟ್ಟು ಎದ್ದು ಹೋಗುತ್ತಾಳೆ. ರಾತ್ರಿ ಮಾತ್ರ ಇನ್ನೂ ಬಿಡುತ್ತಾಳೆ, ಅದನ್ನು ನಾನು ತಪ್ಪಿಸಿಲ್ಲ.

ಜುಲೈ 29. 56 ದಿನ

ಕೆಂಚ 890, ಬೂದ 840, ಚುಕ್ಕಿ 710 ಗ್ರಾಂ. ಮೊದಲ ಲಸಿಕೆ ಆಯಿತು. ಎಂಟು ದಿನದಿಂದ ಹಾಳೆಯ ಹೊರಗೆ ಒಂದೂ ಇಲ್ಲ. ಪುಟ್ಟಿಯ ಹಾಲು ಬತ್ತಿದ ಮೇಲೆ ಆಪರೇಷನ್ ಮಾಡಿಸಬೇಕು. ಹಾಲೂಡುವಾಗಲೇ ಬೆಕ್ಕು ಮತ್ತೆ ಬಸುರಿಯಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದರು, ಅದಕ್ಕೇ ಅವಳನ್ನು ರಾತ್ರಿ ಹೊರಗೆ ಬಿಡುತ್ತಿಲ್ಲ.

ಚುಕ್ಕಿ ನಮ್ಮಲ್ಲೇ ಉಳಿಯುತ್ತದೆ, ಆಯಿ ಬಿಡುವುದಿಲ್ಲ. ಬೂದ ಬೇಕೆಂದವರಿಗೆ ಇನ್ನೆರಡು ವಾರ ಬಿಟ್ಟು ಬನ್ನಿ ಎಂದಿದ್ದೇನೆ. ಕೆಂಚ ಪಕ್ಕದ ಕೇರಿಗೆ ಹೋಗುತ್ತಾನೆ, ಅದೂ ಆಮೇಲೆಯೇ. ಎರಡು ಹೊಸ ಹಾಳೆ ಮಡಚಿ ಇಟ್ಟಿದ್ದೇನೆ. ಕಳಿಸುವ ದಿನ ಅದಕ್ಕೆ ಹೊಸ ಹುಡಿಯ ಜೊತೆ ಇಲ್ಲಿಯದೇ ಒಂದು ಮುಷ್ಟಿ ಹಳೆ ಹುಡಿ ಬೆರೆಸಿ ಕೊಡುತ್ತೇನೆ. ಹೊಸ ಮನೆಯಲ್ಲಿ ಕಾಲಿಗೂ ಮೂಗಿಗೂ ಗುರುತು ಸಿಗಲಿ.