ಮೂರು ದಿನಕ್ಕೊಂದು ನಡೆ

ಲಿಚೆಸ್ ಎಂಬ ಚದುರಂಗದ ಜಾಲತಾಣದಲ್ಲಿ ಪ್ರತಿ ನಡೆಗೆ 3 ದಿನಗಳ ಅವಧಿಯಿರುವ ನಿಧಾನಗತಿಯ ಚದುರಂಗವನ್ನು ಆಡತೊಡಗಿ ಎಂಟು ತಿಂಗಳಾಯಿತು. ಸದ್ಯ ಐದು ಆಟಗಳು ಒಟ್ಟಿಗೆ ಸಾಗುತ್ತಿವೆ. ಅಂಚೆ ಕಾರ್ಡಿನಲ್ಲಿ ನಡೆಯನ್ನು ಬರೆದು ಕಳುಹಿಸಿ, ಉತ್ತರಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದವರ ಹಳೆಯ ಪದ್ಧತಿಯೇ ಇದು, ಕಾರ್ಡಿನ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೆ. ಆರಂಭದ ನಡೆಗಳಿಗೆ ಪುಸ್ತಕ ನೋಡಬಹುದು, ವಿಶ್ಲೇಷಣೆಯ ಹಲಗೆಯ ಮೇಲೆ ಕಾಯಿಗಳನ್ನು ಸರಿಸಿ ಪರೀಕ್ಷಿಸಬಹುದು. ಒಳ್ಳೆಯ ನಡೆಯನ್ನು ಲೆಕ್ಕಹಾಕಿ ಹೇಳುವ ತಂತ್ರಾಂಶದ, ಅಂದರೆ ಎಂಜಿನ್‌ನ, ನೆರವು ಮಾತ್ರ ನಿಷಿದ್ಧ. ಇನ್ನೂ ಕಲಿಯುತ್ತಿರುವ ನನ್ನಂಥವನಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಆದರೂ ನಿನ್ನೆ ಸಂಜೆ, ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಹತ್ತೇ ಸೆಕೆಂಡಿನಲ್ಲಿ ಒಂದು ಆಟವನ್ನು ಕೆಡಿಸಿಕೊಂಡೆ. ಎದುರಾಳಿಯ ಒಂಟೆ ಜಿ4 ಮನೆಯಲ್ಲಿ ಕುಳಿತು ಎಫ್3ರ ನನ್ನ ಕುದುರೆಯನ್ನು ಕಟ್ಟಿಹಾಕಿತ್ತು. ಕುದುರೆಯ ಹಿಂದೆ, ಡಿ1ರಲ್ಲಿ, ನನ್ನ ಮಂತ್ರಿ; ಕುದುರೆ ಸರಿದರೆ ಅದು ಒಂಟೆಯ ಪಾಲು. ಇ5ರಲ್ಲಿ ಕಾವಲಿಲ್ಲದ ಕಾಲಾಳು ಕಂಡದ್ದೇ ತಡ, ಕುದುರೆಯಿಂದ ಹೊಡೆದುಬಿಟ್ಟೆ. ನಾನು ಹೀಗೆ ಆಡಿದರೆ ತಾನು ಹೀಗೆ ಎಂಬ ಷರತ್ತಿನ ನಡೆಯನ್ನು ಎದುರಾಳಿ ಮೊದಲೇ ಇಟ್ಟಿದ್ದರೋ ಏನೋ, ಮರುಕ್ಷಣವೇ ಮಂತ್ರಿ ಹೋಯಿತು. ಹೀಗೆ ಮಂತ್ರಿಯನ್ನು ಬಿಟ್ಟುಕೊಟ್ಟು ಚೆಕ್‌ಮೇಟ್ ಮಾಡುವ, ಫ್ರೆಂಚ್ ಆಟಗಾರ ಲೆಗಾಲ್‌ನ ಪ್ರಸಿದ್ಧ ತಂತ್ರವೊಂದಿದೆ. ನನ್ನದು ಅದಲ್ಲ, ಶುದ್ಧ ಅವಸರ.

ಸಮಯ ಸಿಕ್ಕಿದರೆ ಚೆನ್ನಾಗಿ ಆಡುತ್ತೇನೆ ಎಂದು ಇಷ್ಟು ದಿನ ನಂಬಿದ್ದೆ. ಗಡಿಯಾರದಲ್ಲಿ ಎರಡು ದಿನಕ್ಕೂ ಹೆಚ್ಚು ಕಾಲ ಉಳಿದಿತ್ತೆಂಬುದನ್ನು ನೋಡಿದ ಮೇಲೆ ಆ ನಂಬಿಕೆ ಸಡಿಲವಾಗಿದೆ. ಇಂದು ಬೆಳಗ್ಗೆ ಉಳಿದ ನಾಲ್ಕು ಆಟಗಳಲ್ಲಿ ಒಂದನ್ನು ಮರದ ಹಲಗೆಯ ಮೇಲೆ ಜೋಡಿಸಿ, ಊಟದ ಮೇಜಿನ ಮೂಲೆಯಲ್ಲಿಟ್ಟಿದ್ದೇನೆ. ಕಾಫಿ ಮುಗಿದರೂ ನಡೆಯನ್ನು ಇನ್ನೂ ಕಳುಹಿಸಿಲ್ಲ.