ಹದಿನಾಲ್ಕು ಮೆಟ್ಟಿಲು

ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಎರಡನೆಯ ಸಲವೂ ಭ್ರೂಣ ನಿಲ್ಲಲಿಲ್ಲವೆಂದು ಗೊತ್ತಾಗಿ ಮೂರು ವಾರ ಕಳೆದ ಮೇಲೆ, ಜುಲೈ ತಿಂಗಳ ಒಂದು ಗುರುವಾರ, ನಾನೂ ನನ್ನ ಗಂಡನೂ ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಅಂದು ಸ್ಕ್ಯಾನಿಂಗ್ ಇರಲಿಲ್ಲ, ರಕ್ತ ಕೊಡುವುದೂ ಇರಲಿಲ್ಲ. ಡಾಕ್ಟರೊಂದಿಗೆ ಮಾತನಾಡುವುದಷ್ಟೇ ಇತ್ತು. ಭ್ರೂಣವನ್ನು ಗರ್ಭಕೋಶದೊಳಗೆ ಬಿಟ್ಟ ದಿನದಿಂದ ಫಲಿತಾಂಶ ಬಂದ ದಿನದವರೆಗೆ ನಾನು ತಿಂದದ್ದು, ಮಲಗಿದ್ದು, ನಡೆದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಸೇರಿಸಿದ್ದೆ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಹನ್ನೆರಡು ವರ್ಷ ಕುಳಿತವಳು ನಾನು. ಸಂಜೆ ಹತ್ತು ರೂಪಾಯಿ ಕಡಿಮೆ ಬಂದರೂ ಎಲ್ಲಿ ತಪ್ಪಿತೆಂದು ಸಿಗುವವರೆಗೆ ಏಳುವ ಅಭ್ಯಾಸವಿಲ್ಲ.

ಆ ಹಾಳೆಯ ಒಂದು ಸಾಲಿಗೆ ಅಡಿಗೆರೆ ಎಳೆದಿದ್ದೆ. ಮೂರನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹನಿಯತೊಡಗಿದಾಗ ಅಡುಗೆಮನೆಯಿಂದ ಅತ್ತೆ "ಅಯ್ಯೋ, ಮಳೆ ಬಂತು, ಬಟ್ಟೆ!" ಎಂದು ಕೂಗಿದ್ದರು. ನಾನು ಹಿಂದುಮುಂದು ನೋಡದೆ ತಾರಸಿಗೆ ಓಡಿ ಎಲ್ಲವನ್ನೂ ಬಾಚಿಕೊಂಡು ಬಂದಿದ್ದೆ. ಹದಿನಾಲ್ಕು ಮೆಟ್ಟಿಲು. ಹನ್ನೊಂದನೆಯ ದಿನ ರಕ್ತದಲ್ಲಿ ಬೀಟಾ ಎಚ್‌ಸಿಜಿ, ಅಂದರೆ ಗರ್ಭ ನಿಂತಿದೆಯೇ ಎಂದು ತಿಳಿಸುವ ಹಾರ್ಮೋನು, 38 ಬಂತು; ಎರಡು ದಿನ ಬಿಟ್ಟು ನೋಡಿದರೆ 11ಕ್ಕೆ ಇಳಿದಿತ್ತು. ಅಲ್ಲಿಂದೀಚೆಗೆ ಅತ್ತೆ ಮಂಡಿನೋವಿದ್ದರೂ ಬಟ್ಟೆ ತರಲು ತಾವೇ ಮೇಲೆ ಹತ್ತುತ್ತಿದ್ದರು, ನನ್ನನ್ನು ಕರೆಯುತ್ತಿರಲಿಲ್ಲ. ಬಾಯಿಬಿಟ್ಟು ಹೇಳದ ದೂರು ಅದೆಂದೇ ನಾನು ತಿಳಿದಿದ್ದೆ.

ಡಾಕ್ಟರು ಹಾಳೆಯನ್ನು ಪೂರ್ತಿ ಓದಿದರು. "ನೋಡಿಮ್ಮ, ಮೆಟ್ಟಿಲು ಹತ್ತಿದ್ದಕ್ಕೆ ಭ್ರೂಣ ಜಾರೋ ಹಾಗಿದ್ದಿದ್ರೆ ನಿಮ್ಮ ಮಲೆನಾಡಲ್ಲಿ ಮಕ್ಕಳೇ ಹುಟ್ತಿರ್ಲಿಲ್ಲ" ಎಂದು, ಅದನ್ನೇ ಮಗುಚಿ ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದರು. ಗರ್ಭಕೋಶವನ್ನು ನಾನು ಬಾಯಿ ಕೆಳಗಾದ ಚೀಲವೆಂದು ಕಲ್ಪಿಸಿಕೊಂಡಿದ್ದೆ. ಅದರ ಎರಡು ಗೋಡೆಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆಯಂತೆ. ಗಸಗಸೆಗಿಂತಲೂ ಚಿಕ್ಕದಾದ ಭ್ರೂಣ, ತುಪ್ಪ ಸವರಿ ಒಂದರ ಮೇಲೊಂದು ಪೇರಿಸಿದ ಹೋಳಿಗೆಗಳ ನಡುವೆ ಸಿಕ್ಕ ಕಾಳಿನಂತೆ ಅಲ್ಲಿ ಕೂತಿರುತ್ತದೆ. ಹೋಳಿಗೆಯ ಹೋಲಿಕೆ ನನ್ನದು, ಚಿತ್ರ ಅವರದು.

ಐದನೆಯ ದಿನದ ಭ್ರೂಣ ಮೊದಲು ತನ್ನ ಹೊರಕವಚವನ್ನು ಒಡೆದುಕೊಂಡು ಹೊರಬರಬೇಕು, ಆಮೇಲೆ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು ಅದರೊಳಗೆ ಇಳಿಯಬೇಕು. ಒಳಪದರವೂ ತಿಂಗಳಲ್ಲಿ ಕೆಲವೇ ದಿನ, ಅದೂ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹದಗೊಳಿಸಿದ ಮೇಲಷ್ಟೇ, ಅದನ್ನು ಬರಮಾಡಿಕೊಳ್ಳುತ್ತದೆ. ನನ್ನ ಸೊಂಟದಲ್ಲಿ ಇನ್ನೂ ಗಂಟುಗಂಟಾಗಿ ಉಳಿದಿದ್ದ ಎಣ್ಣೆ ಇಂಜೆಕ್ಷನ್ನುಗಳು ಆ ಹದಕ್ಕಾಗಿಯೇ ಇದ್ದವು. ಎಚ್‌ಸಿಜಿಯನ್ನು ತಯಾರಿಸುವುದು ಭ್ರೂಣದ ಹೊರಗಿನ ಜೀವಕೋಶಗಳು. ತಾಯಿಯ ರಕ್ತಕ್ಕೆ ಅದು ಸೇರಬೇಕಾದರೆ ಭ್ರೂಣ ಒಳಪದರದಲ್ಲಿ ಬೇರೂರಿರಲೇಬೇಕು. ಮೊದಲ ಸಲದ ಅಂಕಿ 2ನ್ನೂ ಮುಟ್ಟಿರಲಿಲ್ಲ, ಅಂದರೆ ಆ ಭ್ರೂಣ ಅಂಟಿಕೊಳ್ಳಲೇ ಇಲ್ಲ. ಈ ಸಲದ್ದು ಅಂಟಿಕೊಂಡು, ಇಳಿದು, ಅಲ್ಲಿಗೆ ನಿಂತಿತು. ನನ್ನ ಪಾಲಿಗೆ ಎರಡೂ ಒಂದೇ 'ನೆಗೆಟಿವ್' ಆಗಿದ್ದವು. ಕೆಲವು ದಿನಗಳ ಮಟ್ಟಿಗಾದರೂ ಅದು ನನ್ನೊಳಗೆ ಇತ್ತೆಂಬುದು ಆ ಕುರ್ಚಿಯಲ್ಲಿ ಕೂತಾಗಲೇ ನನಗೆ ಅರ್ಥವಾದದ್ದು, ಮತ್ತು ಅಳು ಬಂದದ್ದೂ ಆಗಲೇ.

ಭ್ರೂಣದ ಫೋಟೋವನ್ನು ದೇವರ ಮನೆಯಲ್ಲಿ ಕುಂಕುಮದ ಭರಣಿಯ ಹಿಂದೆ ಇಟ್ಟಿದ್ದೆ. 4ಎಬಿ ಎಂಬ ಒಳ್ಳೆಯ ಗ್ರೇಡು ಅದಕ್ಕಿತ್ತು. ಅಷ್ಟು ಚೆನ್ನಾಗಿದ್ದದ್ದು ಏಕೆ ನಿಲ್ಲಲಿಲ್ಲವೆಂದು ಕೇಳಿದೆ. ಗ್ರೇಡು ಹೇಳುವುದು ಆಕಾರವನ್ನು ಮಾತ್ರ, ಒಳಗಿನ ವರ್ಣತಂತುಗಳ ಲೆಕ್ಕವನ್ನಲ್ಲ ಎಂದರು. ನನ್ನ ಅಂಡಾಣುಗಳು ನಾನು ನನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡವು. 37 ವರ್ಷ ಕಾದು ಕೂತ ಮೇಲೆ ವರ್ಣತಂತುಗಳನ್ನು ಸಮನಾಗಿ ಪಾಲು ಮಾಡುವಾಗ ಅವು ಎಡವುವುದು ಹೆಚ್ಚು. ನಲವತ್ತು ದಾಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಈ ಲೆಕ್ಕ ತಪ್ಪಿರುತ್ತದೆ, ಭ್ರೂಣ ನಿಲ್ಲದಿರಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವೂ ಅದೇ. ಲೆಕ್ಕ ಸರಿಯಿದ್ದವೂ ಎಲ್ಲ ನಿಲ್ಲುವುದಿಲ್ಲ. ನನ್ನವರು ತಮ್ಮ ಕಡೆಯಿಂದೇನಾದರೂ ಇರಬಹುದೇ ಎಂದು ಕೇಳಿದಾಗ, ಇರಬಹುದಿತ್ತು, ಆದರೆ ವರದಿಗಳಲ್ಲಿ ಅಂಥದ್ದೇನೂ ಕಾಣುತ್ತಿಲ್ಲ ಎಂದರು.

ಗರ್ಭಕೋಶದ ಕಡೆ ನೋಡಲು ಉಳಿದಿದ್ದ ಕೆಲವನ್ನು ಬರೆದುಕೊಟ್ಟರು. ಹಿಸ್ಟರೋಸ್ಕೋಪಿ ಮಾಡಿ, ಅಂದರೆ ಸಣ್ಣ ಕ್ಯಾಮೆರಾವನ್ನು ಗರ್ಭಕೋಶದೊಳಗೆ ಬಿಟ್ಟು, ದುರ್ಮಾಂಸವೇನಾದರೂ ಬೆಳೆದಿದೆಯೇ ಎಂದು ನೋಡುವುದು, ಒಳಪದರದ ಚೂರು ತೆಗೆದು ಹಳೆಯ ಉರಿಯೂತಕ್ಕೂ ಕ್ಷಯಕ್ಕೂ ಪರೀಕ್ಷೆಗೆ ಕಳಿಸುವುದು, ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳು. ಜ್ವರ, ಕೆಮ್ಮು ಏನೂ ಇಲ್ಲದೆಯೇ ಕ್ಷಯ ಗರ್ಭಕೋಶದಲ್ಲಿ ಅಡಗಿರುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲವಂತೆ. ಗರ್ಭನಾಳದಲ್ಲಿ ನೀರು ತುಂಬಿ ಒಳಕ್ಕೆ ಸೋರುತ್ತಿದ್ದರೂ ಭ್ರೂಣ ನಿಲ್ಲುವುದು ಕಷ್ಟ. ನನ್ನ ನಾಳಗಳು ಸರಿಯಿದ್ದವು.

ಹಿಂದಿನ ಆಸ್ಪತ್ರೆಯಲ್ಲಿ ಭ್ರೂಣ ಚೆನ್ನಾಗಿ ಅಂಟಲೆಂದು ಒಳಪದರವನ್ನು ಮೊದಲೇ ಕೆರೆದಿದ್ದರು, ಅದಕ್ಕೆ ಬೇರೆಯೇ ಬಿಲ್ಲು ಹಾಕಿದ್ದರು. ಅದನ್ನು ಇಲ್ಲಿಯೂ ಮಾಡಬಹುದೇ ಎಂದು ಕೇಳಿದೆ. 2019ರಲ್ಲಿ ಪ್ರಕಟವಾದ, 1,300ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗು ಹುಟ್ಟಿದ್ದು ಶೇಕಡ 26ರಷ್ಟು ಮಂದಿಗೇ ಎಂದು ಹೇಳಿ ಡಾಕ್ಟರು ಸುಮ್ಮನಾದರು. ಆ ನೋವಿಗಿಂತ ಆ ಬಿಲ್ಲು ನನ್ನನ್ನು ಹೆಚ್ಚು ಉರಿಸಿತೆಂದು ಒಪ್ಪಿಕೊಳ್ಳಬೇಕು.

"ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದೇ ಹೋಗಬಹುದಾ ಮೇಡಂ?"

"ಎಷ್ಟೋ ಸಲ ಸಿಗೋದಿಲ್ಲಮ್ಮ."

ತಾಳೆಯಾಗದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುವುದು ಬ್ಯಾಂಕಿನಲ್ಲೂ ಉಂಟು. ಅದು ನನಗೆಂದೂ ಒಗ್ಗಿದ್ದಿಲ್ಲ.

ಮನೆ ಸೇರಿದಾಗ ರಾತ್ರಿ ಹತ್ತು ದಾಟಿತ್ತು. ಅತ್ತೆ ಊಟ ಮಾಡದೆ ಕಾದಿದ್ದರು. ಡಾಕ್ಟರು ಏನೆಂದರೆಂದು ಅವರು ಕೇಳುವ ಮೊದಲೇ ನಾನು, ಮೆಟ್ಟಿಲು ಹತ್ತಿದ್ದರಿಂದ ಹಾಗಾಗಿದ್ದಲ್ಲವಂತೆ ಎಂದೆ. ಸಾರು ಬಡಿಸುತ್ತಿದ್ದ ಸೌಟನ್ನು ಅವರು ಪಾತ್ರೆಯಲ್ಲೇ ಬಿಟ್ಟರು.

"ನಿಜವಾಗ್ಲೂ ಹಂಗಂದ್ರಾ?" ಎಂದರು. "ಅವತ್ತು ಬಟ್ಟೆ ಅಂತ ಕೂಗಿದ್ದು ನಾನೇ ಅಲ್ವೇನೇ."