ಮಾಚೇನಹಳ್ಳಿಯ ಎರಕ, ಮಂಡಗದ್ದೆ ಆಚೆಯ ಅಡಿಕೆ

ಶಿವಮೊಗ್ಗಕ್ಕೆ ಹೋಗುವವರು ಸಾಮಾನ್ಯವಾಗಿ ಜೋಗ, ಸಕ್ರೆಬೈಲು, ಆಗುಂಬೆ ಅಂತ ಹೊರಡುತ್ತಾರೆ. ನಾನು ಹೊರಟಿದ್ದು ಫೌಂಡ್ರಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆ, ನೋಡಲಿಕ್ಕೆ. ಬೆಂಗಳೂರಿನ ಪೀಣ್ಯದಲ್ಲಿ ನಾನು ಕೆಲಸ ಮಾಡುವ ಮೆಷಿನ್ ಶಾಪಿಗೆ ಪಂಪಿನ ಬಾಡಿ, ಬ್ರಾಕೆಟ್ಟುಗಳ ಎರಕವೆಲ್ಲ ಅಲ್ಲಿಂದ ಬರುತ್ತದೆ. ದೀಪಾವಳಿ ಕಳೆದಿತ್ತು. ತೀರ್ಥಹಳ್ಳಿ ಕಡೆ ಹೆಂಡತಿಯ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಸುಗ್ಗಿ ನಡೆದಿತ್ತು. “ಹೇಗೂ ಅಷ್ಟು ದೂರ ಹೋಗ್ತೀರಿ, ಅಲ್ಲಿಗೂ ಒಂದ್ಸಲ ಹೋಗಿ ಬನ್ನಿ” ಅಂದಳು. ಕಬ್ಬಿಣಕ್ಕೆ ಅಡಿಕೆ ಸೇರಿಕೊಂಡದ್ದು ಹೀಗೆ.

ಯಶವಂತಪುರದಲ್ಲಿ ರೈಲು ಹತ್ತಿದೆ. ಬೀರೂರಿನವರೆಗೆ ಬಯಲು, ತೆಂಗು, ಬಿಸಿಲು. ಅಲ್ಲಿಂದ ಶಿವಮೊಗ್ಗದ ಹಳಿ ಬೇರೆಯಾಗುತ್ತದೆ. ತರೀಕೆರೆ ಬರುವಷ್ಟರಲ್ಲಿ ಗಾಳಿಯೇ ಬೇರೆ. ಭದ್ರಾವತಿಯಲ್ಲಿ ಕಿಟಕಿಯಿಂದ ಇಣುಕಿ ನೋಡಿದೆ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ ಶುರುವಾದದ್ದು 1923ರಲ್ಲಿ. ಕಲ್ಲಿದ್ದಲಿಲ್ಲದ ಸೀಮೆ, ಹಾಗಾಗಿ ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದರು. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಶಿವಮೊಗ್ಗದ ಸುತ್ತ ಇಷ್ಟು ಫೌಂಡ್ರಿಗಳು ಬೆಳೆಯಲು ಭದ್ರಾವತಿಯ ಕಬ್ಬಿಣವೂ ಅಲ್ಲಿ ಪಳಗಿದ ಜನರೂ ಕಾರಣ ಅಂತ ಈ ಕಡೆಯವರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಮಾಚೇನಹಳ್ಳಿ ಇರುವುದು ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ, ಹೆದ್ದಾರಿಗೆ ಅಂಟಿಕೊಂಡೇ. ನಾನು ಹೋದ ಫೌಂಡ್ರಿ ದೊಡ್ಡದೇನಲ್ಲ. ಕಬ್ಬಿಣ ಕರಗಿಸಲು ಒಂದು ಇಂಡಕ್ಷನ್ ಫರ್ನೇಸ್ (ಕರೆಂಟಿನ ಕುಲುಮೆ), ಮರಳಿನ ಅಚ್ಚು ಕಟ್ಟುವ ಒಂದು ಮೋಲ್ಡಿಂಗ್ ಲೈನು, ಪಕ್ಕದಲ್ಲಿ ಕೋರ್ ಶಾಪು (ಎರಕದೊಳಗೆ ಟೊಳ್ಳು ಬರಲೆಂದು ಅಚ್ಚಿನೊಳಗೆ ಕೂರಿಸುವ ಮರಳಿನ ಗಟ್ಟಿಯೇ ಕೋರ್), ಹಿಂದೆ ಎರಕ ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗು. ಮಾಲೀಕರು ಗೇಟಿನ ಹತ್ತಿರವೇ ನಿಂತಿದ್ದರು. “ಬನ್ನಿ ಸಾರ್, ಮೊದ್ಲು ಕಾಫಿನಾ, ಮೊದ್ಲು ಬೈಗುಳನಾ?” ಅಂದರು. ಬೈಗುಳಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಬಂದ ಒಂದು ಲಾಟಿನಲ್ಲಿ ಬ್ಲೋಹೋಲ್. ಮೇಲಿಂದ ನೋಡಿದರೆ ಎರಕ ಚೆನ್ನಾಗಿಯೇ ಇತ್ತು. ನಮ್ಮಲ್ಲಿ ಟರ್ನಿಂಗ್, ಬೋರಿಂಗ್ ಎಲ್ಲ ಮುಗಿದ ಮೇಲೆ ಒಳಗಿನ ತೂತು ಕಂಡಿತ್ತು. ಅಷ್ಟು ಹೊತ್ತಿನ ಮೆಷಿನ್ ಕೆಲಸ, ಟೂಲು, ಕರೆಂಟು ಎಲ್ಲ ನೀರುಪಾಲು.

ಫೌಂಡ್ರಿಯವರಿಗೆ ಒಂದು ಸಮಾಧಾನ ಇರುತ್ತದೆ. ಕೆಟ್ಟ ಎರಕವನ್ನು ಬಿಸಾಡಬೇಕಾಗಿಲ್ಲ, ಮತ್ತೆ ಕರಗಿಸಿದರಾಯಿತು. ಕಬ್ಬಿಣ ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಕರೆಂಟು ಬೇಕು. ಮರಳು ಹದ ಮಾಡಿದ್ದು, ಮೋಲ್ಡ್ ಕಟ್ಟಿದ್ದು, ಕೋರ್ ಕೂರಿಸಿದ್ದು, ಎರೆದದ್ದು, ಒಡೆದದ್ದು, ಉಜ್ಜಿದ್ದು ಯಾವುದೂ ವಾಪಸ್ ಬರುವುದಿಲ್ಲ. “ಕರಗಿಸಿದ್ರಾಯ್ತು ಅನ್ನೋ ಮಾತನ್ನೇ ಇಲ್ಲಿ ನಿಲ್ಸಿದೀನಿ ಸಾರ್” ಅಂದರು ಮಾಲೀಕರು.

ಅವರು ಲೀನ್ ಪದ್ಧತಿಗೆ, ಅಂದರೆ ವ್ಯರ್ಥವನ್ನು ಹುಡುಕಿ ತೆಗೆಯುವ ಕೆಲಸದ ರೀತಿಗೆ, ಇಳಿದದ್ದು ಕೇಂದ್ರದ ಸಣ್ಣ ಕೈಗಾರಿಕೆಗಳ ಲೀನ್ ಯೋಜನೆ ಬಂದ ಮೇಲೆ. 2023ರ ಮಾರ್ಚಿನಲ್ಲಿ ಹೊಸದಾಗಿ ಶುರುವಾದ ಈ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇ. 90ರಷ್ಟನ್ನು ಸರ್ಕಾರವೇ ಕೊಡುತ್ತದೆ. ಆಫೀಸಿನ ಗೋಡೆಯ ಮೇಲೆ ಟೊಯೋಟದ ತೈಚಿ ಓನೊ ಗುರುತಿಸಿದ ಏಳು ಬಗೆಯ ದಂಡಗಳನ್ನು, ಅಂದರೆ ವ್ಯರ್ಥಗಳನ್ನು, ಕನ್ನಡದಲ್ಲಿ ಬರೆಸಿ ಹಾಕಿದ್ದರು: ಬೇಡದಷ್ಟು ಮಾಡುವುದು, ಕಾಯುವುದು, ಸುಮ್ನೆ ಸಾಗಿಸುವುದು, ಬೇಡದ ಕೆಲಸ, ರಾಶಿ ಹಾಕುವುದು, ಸುಮ್ನೆ ಓಡಾಡುವುದು, ಕೆಟ್ಟ ಮಾಲು. ಇಂಥ ಪಟ್ಟಿಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಇದೇ ಪಟ್ಟಿ ಇದೆ, ಅದರ ಕೆಳಗೇ ಧೂಳು ಹಿಡಿದ ರಾಶಿಯೂ ಇದೆ. ನೆಲಕ್ಕೆ ಹಳದಿ ಗೆರೆ ಎಳೆದು, ಇಂಜಿನಿಯರುಗಳಿಗೆ ಟೋಪಿ ಹಾಕಿಸಿ ಫೋಟೊ ತೆಗೆಸಿಕೊಂಡರೆ ಲೀನ್ ಆಗುತ್ತಾ?

ಇಲ್ಲಿ ನನಗೆ ಹಿಡಿಸಿದ್ದು ಒಂದು ಮೇಜು. ಮೋಲ್ಡಿಂಗ್ ಲೈನಿನ ಪಕ್ಕದಲ್ಲೇ, ಎಲ್ಲರೂ ಓಡಾಡುವ ಜಾಗದಲ್ಲಿ ಇಟ್ಟಿದ್ದಾರೆ. ಹಿಂದಿನ ದಿನದ ಕೆಟ್ಟ ಎರಕಗಳೆಲ್ಲ ಕೆಂಪು ಬಣ್ಣ ಬಳಿಸಿಕೊಂಡು ಅದರ ಮೇಲೆ ಕೂತಿರುತ್ತವೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಮೋಲ್ಡರು, ಕೋರ್ ಶಾಪಿನವರು, ಫರ್ನೇಸಿನವರು ಅಲ್ಲೇ ನಿಂತು ಮಾತಾಡುತ್ತಾರೆ. ಒಡಿಶಾ, ಬಿಹಾರದ ಹುಡುಗರೂ ಇರುವುದರಿಂದ ಹಿಂದಿ, ಕನ್ನಡ ಎರಡೂ ಕಲಸಿಕೊಂಡಿರುತ್ತದೆ. ಬೋರ್ಡಿನಲ್ಲಿ ಅಕ್ಷರಕ್ಕಿಂತ ಚಿತ್ರವೇ ಹೆಚ್ಚು.

ನಮ್ಮ ಬ್ಲೋಹೋಲಿನ ಕತೆಯನ್ನು ಆ ಮೇಜಿನ ಮುಂದೆಯೇ ಬಿಚ್ಚಿದರು. ತೂತು ಯಾಕೆ ಬಂತು? ಕೋರಿನಲ್ಲಿ ತೇವ ಇತ್ತು. ಕಾದ ಕಬ್ಬಿಣ ತಾಗಿದ ಕೂಡಲೇ ತೇವ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಕಬ್ಬಿಣದೊಳಗೇ ಗುಳ್ಳೆಯಾಗಿ ಉಳಿಯಿತು. ತೇವ ಯಾಕೆ? ಸೋಡಿಯಂ ಸಿಲಿಕೇಟ್ ಕಲಸಿ, ಗ್ಯಾಸ್ ಹಾಯಿಸಿ ಗಟ್ಟಿ ಮಾಡಿದ ಕೋರುಗಳು ಅವು. ಮಳೆಗಾಲದ ಗಾಳಿಯಲ್ಲಿ ಇಟ್ಟರೆ ತೇವ ಹೀರಿಕೊಳ್ಳುತ್ತವೆ. ಯಾಕೆ ಇಟ್ಟಿದ್ದರು? ಬೇಕಾದದ್ದಕ್ಕಿಂತ ಎಷ್ಟೋ ದಿನ ಮೊದಲೇ ಮಾಡಿದ್ದರು. ಮೊದಲೇ ಯಾಕೆ ಮಾಡಿದ್ದರು? ಕೋರ್ ಬಾಕ್ಸ್, ಅಂದರೆ ಕೋರಿನ ಅಚ್ಚು, ಬದಲಾಯಿಸುವುದು ದೊಡ್ಡ ರಗಳೆ. ಒಮ್ಮೆ ಕೂರಿಸಿದರೆ ರಾಶಿಗಟ್ಟಲೆ ತೆಗೆದುಬಿಡೋಣ ಅಂತ. ರಗಳೆ ಯಾಕೆ? ಬೋಲ್ಟು ಒಂದು ಕಡೆ, ಸ್ಪ್ಯಾನರು ಇನ್ನೊಂದು ಕಡೆ, ಬಾಕ್ಸು ಹಿಂದಿನ ಶೆಡ್ಡಿನಲ್ಲಿ.

ಪೀಣ್ಯದಲ್ಲಿ ನಾವು ಕಂಡ ತೂತಿಗೆ ಕಾರಣ ಮಾಚೇನಹಳ್ಳಿಯಲ್ಲಿ ಕಳೆದುಹೋದ ಒಂದು ಸ್ಪ್ಯಾನರು! ಮೊದಲಾಗಿದ್ದರೆ ಕೋರ್ ಮಾಡಿದವನಿಗೆ ಬೈದು, ಅವನ ಸಂಬಳದಲ್ಲಿ ಹಿಡಿದು ಸುಮ್ಮನಾಗುತ್ತಿದ್ದರು.

ಈಗ ಮುಂದಿನ ಕೋರ್ ಬಾಕ್ಸನ್ನು ಬೋಲ್ಟು, ಸ್ಪ್ಯಾನರಿನ ಸಮೇತ ಒಂದು ಟ್ರಾಲಿಯಲ್ಲಿ ಮೆಷಿನ್ನಿನ ಪಕ್ಕ ತಂದಿಡುತ್ತಾರೆ. ಅದೂ ಮೆಷಿನ್ ಓಡುತ್ತಿರುವಾಗಲೇ. ಮೆಷಿನ್ ನಿಲ್ಲಿಸಿಯೇ ಮಾಡಬೇಕಾದದ್ದು ಬರೀ ಬಿಚ್ಚಿ ಕೂರಿಸುವ ಕೆಲಸ. ಜಪಾನಿನ ಶಿಗಿಯೊ ಶಿಂಗೊ ತೋರಿಸಿದ ದಾರಿ ಇದು. 1969ರಲ್ಲಿ ಟೊಯೋಟದ 1000 ಟನ್ ಪ್ರೆಸ್ಸಿನ ಅಚ್ಚು (ಡೈ) ಬದಲಾಯಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಅದನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಇಲ್ಲಿ ಮೂರು ನಿಮಿಷವೇನೂ ಆಗಿಲ್ಲ. ಆದರೆ ಅಂದಂದಿಗೆ ಬೇಕಾದ ಕೋರನ್ನು ಅಂದೇ ಮಾಡುವಷ್ಟು ಸಲೀಸಾಗಿದೆ. ಕೋರಿನ ರ‍್ಯಾಕು ಅರ್ಧ ಖಾಲಿ ಇತ್ತು. ಖಾಲಿ ರ‍್ಯಾಕು ನೋಡಿ ಖುಷಿಪಟ್ಟದ್ದು ನನಗೆ ಅದೇ ಮೊದಲಿರಬೇಕು.

ಎರೆಯುವುದನ್ನೂ ನೋಡಿದೆ. ಅವರದು ಎಸ್‌ಜಿ ಐರನ್. ಒಳಗಿನ ಗ್ರಾಫೈಟ್ ಗುಂಡಗಿದ್ದು ಬಲ ಹೆಚ್ಚಿರುವ ಎರಕದ ಕಬ್ಬಿಣ ಅದು. ಎರೆಯುವ ಬಕೆಟ್ಟಾದ ಲ್ಯಾಡಲಿನಲ್ಲಿ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿದಾಗ ಕಣ್ಣು ಕುಕ್ಕುವ ಬೆಳಕು, ಬಿಳಿ ಹೊಗೆ. ಆ ಕ್ಷಣದಿಂದ ಗಡಿಯಾರ ಓಡುತ್ತದೆ. ಕೆಲವೇ ನಿಮಿಷಗಳಲ್ಲಿ ಎರೆದು ಮುಗಿಸದಿದ್ದರೆ ಮೆಗ್ನೀಸಿಯಂ ಕಡಿಮೆಯಾಗುತ್ತಾ ಹೋಗಿ, ಒಳಗಿನ ಗ್ರಾಫೈಟ್ ಗುಂಡಗೆ ಕೂರುವುದಿಲ್ಲ, ಎರಕಕ್ಕೆ ಬಲ ಬರುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಾಯುವುದು ದಂಡ ಅಂತ ಗೋಡೆಯ ಮೇಲೆ ಓದಿದರೆ ಅದು ಬರೀ ಹೊತ್ತಿನ ಲೆಕ್ಕ ಅನ್ನಿಸುತ್ತದೆ. ಇಲ್ಲಿ ಕಾದರೆ ಮಾಲೇ ಕೆಡುತ್ತದೆ. ಮೋಲ್ಡುಗಳದ್ದೂ ಅದೇ ಪಾಡು. ಕಟ್ಟಿ ಜಾಸ್ತಿ ಹೊತ್ತು ಬಿಟ್ಟರೆ ಅಂಚಿನ ಮರಳು ಒಣಗಿ ಉದುರಿ ಎರಕದೊಳಗೆ ಸೇರುತ್ತದೆ.

ಇಷ್ಟೆಲ್ಲ ಆದರೂ ನಿಜವಾದ ಬದಲಾವಣೆ ಬೇರೆ ಕಡೆ ಇದೆ ಅನ್ನಿಸಿತು. ಮೊದಲು ಮೋಲ್ಡಿನ ಲೆಕ್ಕದಲ್ಲಿ ಇನ್ಸೆಂಟಿವ್ ಕೊಡುತ್ತಿದ್ದರು. ಹಾಗಿರುವಾಗ ಲೈನ್ ನಿಲ್ಲಿಸಿ ಮರಳಿನ ಹದ ಸರಿಯಿಲ್ಲ ಅಂತ ಹೇಳುವವರು ಯಾರು? ಈಗ ಒಳ್ಳೆಯ ಎರಕದ ಲೆಕ್ಕದಲ್ಲಿ ಕೊಡುತ್ತಾರೆ, ಅದೂ ಇಡೀ ತಂಡಕ್ಕೆ. ಒಬ್ಬ ಹಿರಿಯ ಮೋಲ್ಡರ್ ನಗುತ್ತಾ ಹೇಳಿದ, “ಮೊದ್ಲು ಕೆಲ್ಸ ನಿಲ್ಸಿದ್ರೆ ಬೈತಿದ್ರು ಸಾರ್, ಈಗ ನಿಲ್ಲಿಸ್ದಿದ್ರೆ ಬೈತಾರೆ.” ಟೊಯೋಟದ ಹಿರಿಯ ಸಕಿಚಿ ಟೊಯೋಡ ನೂಲು ಹರಿದ ಕೂಡಲೇ ತಾನೇ ನಿಲ್ಲುವ ಮಗ್ಗ ಮಾಡಿದ್ದರು. ಮಗ್ಗಕ್ಕೆ ಕೂಲಿ ಕೊಡಬೇಕಾಗಿಲ್ಲ. ಮನುಷ್ಯ ನಿಲ್ಲಿಸಬೇಕಾದರೆ ನಿಲ್ಲಿಸಿದ್ದಕ್ಕೆ ಅವನ ಕೂಲಿ ಕಡಿಮೆಯಾಗಬಾರದು, ಅಲ್ವಾ? ಲೀನ್ ಅಂದರೆ ಜನ ಕಡಿಮೆ ಮಾಡುವುದು ಅಂದುಕೊಂಡವರಿಗೆ ಈ ಲೆಕ್ಕ ಹತ್ತುವುದಿಲ್ಲ.

ಹಿಂದಿನ ಶೆಡ್ಡಿನಲ್ಲಿ ಮರಳಿನ ದೊಡ್ಡ ಗುಡ್ಡೆ ಹಾಗೇ ಇತ್ತು. “ಇದು ರಾಶಿ ಅಲ್ವಾ?” ಅಂತ ಕೆಣಕಿದೆ. ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ ಒಣ ಮರಳು ಕೂಡಿಡುತ್ತಾರಂತೆ. ಜೂನ್ ಬಂದರೆ ಲಾರಿಯಲ್ಲಿ ಬರುವುದು ಮರಳಲ್ಲ, ನೀರು. ಸಲಹೆಗಾರರು ಇದನ್ನೂ ತೆಗೆಸಲು ನೋಡಿದರಂತೆ, ಇವರು ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದ್ದಾರೆ.

ಮಾರನೆಯ ದಿನ ತೀರ್ಥಹಳ್ಳಿ ಬಸ್ಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ತುಂಗೆ ಕಾಣಿಸುತ್ತಾಳೆ, ಮರೆಯಾಗುತ್ತಾಳೆ. ಮಂಡಗದ್ದೆಯ ಬೆಳ್ಳಕ್ಕಿಗಳು ಮರಿ ಮಾಡಿಕೊಂಡು ಹೋಗಿಯಾಗಿತ್ತು. ದಾರಿಯ ಬದಿಯ ಅಂಗಳಗಳಲ್ಲೆಲ್ಲ ಕೆಂಪು ಅಡಿಕೆ.

ಹೆಂಡತಿಯ ದೊಡ್ಡಪ್ಪ ನನಗೆ ಮಾವ. ಅವರ ಮನೆಯಲ್ಲಿ ಕಡುಬು, ಕೋಳಿ ಸಾರು. ಊಟವಾದ ಮೇಲೆ ಅಂಗಳಕ್ಕೆ ಬಂದೆವು. ಹಿಂದೆ ಸುಗ್ಗಿಯೆಂದರೆ ರಾತ್ರಿ ಊರಿನವರೆಲ್ಲ ಸೇರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಹಸಿ ಅಡಿಕೆಯನ್ನು ಕೊಯ್ದು ಹಾಗೇ ಬಿಡುವಂತಿಲ್ಲ. ಹಾಗಾಗಿ ಆ ರಾತ್ರಿ ಎಷ್ಟು ಕೈ ಸಿಗುತ್ತವೋ ನೋಡಿಕೊಂಡು ಅಷ್ಟೇ ಅಡಿಕೆ ಗೊನೆ ಇಳಿಸುತ್ತಿದ್ದರು. ಮುಂದಿನವನಿಗೆ ಬೇಕಾದಷ್ಟನ್ನೇ ಹಿಂದಿನವನು ಮಾಡಬೇಕು ಅನ್ನುವುದನ್ನು ಓನೊ ಅಮೆರಿಕದ ಸೂಪರ್‌ಮಾರ್ಕೆಟ್ ನೋಡಿ ಬೆಳೆಸಿದರು. ಈ ತೋಟಗಳಲ್ಲಿ ಅದು ಯಾರ ಹೆಸರೂ ಇಲ್ಲದೆ ನಡೆಯುತ್ತಿತ್ತು.

ಈಗ ಸುಲಿಯುವ ಮೆಷಿನ್ ಬಂದಿದೆ. ಮಾವ ಹೇಳಿದರು, “ಎಂತ ಹೇಳದು ಅಳಿಯಂದ್ರೆ, ಸುಲಿಯದು ಹಗುರಾಯ್ತು. ಒಣಗಿಸದು ತಲೆನೋವಾಯ್ತು.” ಮೆಷಿನ್ ಸುರಿದಷ್ಟನ್ನೂ ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಬಹುದು. ಆದರೆ ಹರಡಲು ಜಾಗ ಅಷ್ಟೇ, ಬಿಸಿಲೂ ಅಷ್ಟೇ. ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ. ಹಳೆಯ ಅಡಚಣೆ ತೆಗೆದರೆ ಹೊಸದು ಮುಂದಿನ ಮನೆಯಲ್ಲಿ ಕೂತಿರುತ್ತದೆ. ಮಾವ ಪ್ಲಾಸ್ಟಿಕ್ ಹೊದಿಸಿದ ಒಣಗಿಸುವ ಮನೆ ಕಟ್ಟಿಸುತ್ತಿದ್ದಾರೆ. ಅದು ಮುಗಿಯುವವರೆಗೆ ಮೆಷಿನ್ ದಿನಕ್ಕೆ ಅರ್ಧ ಹೊತ್ತು ಮಾತ್ರ. ದುಡ್ಡು ಕೊಟ್ಟು ತಂದ ಮೆಷಿನ್ ಸುಮ್ನೆ ನಿಂತಿದೆ ಅಂತ ಅಕ್ಕಪಕ್ಕದವರಿಗೆ ಆಶ್ಚರ್ಯ. ನನಗೆ ಆಗಲಿಲ್ಲ.

ಅತ್ತೆ ಒಳಗೆ ಅಡಿಕೆ ಆರಿಸುತ್ತಿದ್ದರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳು; ಸರಕು ಎಲ್ಲಕ್ಕಿಂತ ಮೇಲು, ಗೊರಬಲು ಕೊನೆಯದು. ಅವರ ಕೈ ನೋಡುವುದೇ ಚೆಂದ. ಎಷ್ಟು ಚೆನ್ನಾಗಿ ಆರಿಸಿದರೂ ಗೊರಬಲು ಸರಕಾಗುವುದಿಲ್ಲ. ಅದು ಕೊಯ್ದ ದಿನವೇ, ಕಾಯಿ ಎಳತೋ ಬಲಿತದ್ದೋ ಅನ್ನುವುದರಲ್ಲೇ ತೀರ್ಮಾನವಾಗಿರುತ್ತದೆ. ನಮ್ಮ ಮೆಷಿನ್ ಶಾಪಿನ ಇನ್‌ಸ್ಪೆಕ್ಷನ್ ರೂಮಿಗೂ ಈ ಮಾತು ಸಲ್ಲುತ್ತದೆ.

ವಾಪಸ್ ಬರುವಾಗ ಫೌಂಡ್ರಿ ಮಾಲೀಕರು ಸ್ಟೇಷನ್ನಿಗೆ ಬಿಡಲು ಬಂದಿದ್ದರು. ದಾರಿಯಲ್ಲಿ ಅವರ ದೂರು ಬಂತು. “ನಿಮ್ಮ ಪರ್ಚೇಸ್‌ನವರು ತಿಂಗಳ ಆರ್ಡರ್ ಪೂರ್ತಿ ಕೊನೇ ವಾರದಲ್ಲಿ ಕೇಳ್ತಾರೆ. ಮೊದಲ ಎರಡು ವಾರ ಲೈನು ಖಾಲಿ, ಆಮೇಲೆ ಓವರ್‌ಟೈಮು. ನಾನು ಎಂಥ ಲೀನ್ ಮಾಡ್ಲಿ?” ಬೆಂಗಳೂರಿಗೆ ಬಂದು ಪರ್ಚೇಸ್‌ನವರನ್ನು ಕೇಳಿದೆ. ವಾರವಾರ ತರಿಸಿದರೆ ಲಾರಿ ಅರ್ಧ ಖಾಲಿ ಬರುತ್ತದೆ, ಬಾಡಿಗೆ ಯಾರು ಕೊಡುತ್ತಾರೆ ಅಂದರು. ಅದೂ ಸುಳ್ಳಲ್ಲ. ಮಾಚೇನಹಳ್ಳಿಯ ಎರಡು ಮೂರು ಫೌಂಡ್ರಿಗಳ ಮಾಲನ್ನು ಒಂದೇ ಲಾರಿಯಲ್ಲಿ ವಾರಕ್ಕೊಮ್ಮೆ ಪೀಣ್ಯಕ್ಕೆ ತರಬಹುದಲ್ಲ ಅಂತ ಮಾಲೀಕರಿಗೆ ಫೋನ್ ಮಾಡಿದೆ. ಪಕ್ಕದ ಫೌಂಡ್ರಿಯವರ ಜೊತೆ ಅವರಿಗೆ ಮಾತಿಲ್ಲವಂತೆ. ಆಚೆ ಬದಿಯವರನ್ನು ಕೇಳಿ ನೋಡುತ್ತೇನೆ ಅಂದಿದ್ದಾರೆ.